ಗೂಟ ಹೊಡೆದ ಹೆಸರು

ಹೋದವನು ಹೋದ, ಅವನ ಹೆಸರು ಮಾತ್ರ ಹೋಗಲಿಲ್ಲ ನೋಡಿ. ರಗಳೆ ಶುರುವಾದದ್ದೇ ಅಲ್ಲಿಂದ.

ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಒಂದು ಆಪರೇಟಿಂಗ್ ಸಿಸ್ಟಮ್ಮನ್ನು ಹತ್ತಾರು ಜನ ಸೇರಿ ಕಟ್ಟುತ್ತಿದ್ದರು. ಅವರಿಗೆ ಕಂಪ್ಯೂಟರಿನಲ್ಲೇ ಒಂದು ಹರಟೆಕೋಣೆ. ಪರದೆಯ ಎಡಗಡೆ ಮಾತು, ಬಲಗಡೆ ಕೂತವರ ಹೆಸರು. ಆ ಗುಂಪಿನಲ್ಲಿ ಒಬ್ಬ ಅಣ್ಣ, ಅವನ ತಂಗಿ ಇಬ್ಬರೂ ಇದ್ದರು. ಉಳಿದವರು ಬಂದು ಹೋಗುತ್ತಿದ್ದರು, ಅಣ್ಣ ಮಾತ್ರ ಹಗಲೂ ರಾತ್ರಿ ಅಲ್ಲೇ. ಹಾಗಂತ ಅವನೇನು ನಿದ್ದೆಗೆಟ್ಟು ಕೂರುತ್ತಿರಲಿಲ್ಲ. ಅವನ ಮನೆಯ ಬೀರುವಿನ ಮೇಲಿದ್ದ ಪುಟ್ಟ ಪೆಟ್ಟಿಗೆಯಲ್ಲಿ ಒಂದು ಪ್ರಾಕ್ಸಿ ಸರ್ವರ್ ಓಡುತ್ತಿತ್ತು. ಯಜಮಾನ ಎದ್ದು ಹೋದರೂ ಅವನ ಹೆಸರಿನಲ್ಲಿ ಕೋಣೆಯಲ್ಲಿ ಕೂತಿರುವುದೇ ಅದರ ಉದ್ಯೋಗ. ಯಾರಾದರೂ ಮಾತಾಡಿಸಿದರೆ "ಬರ್ತೀನಿ, ಇರಿ" ಎಂದು ತಾನೇ ಉತ್ತರ ಕೊಡುತ್ತಿತ್ತು. ಇವನೊಬ್ಬ ಗೂಟ ಹೊಡ್ಕೊಂಡು ಕೂತವನು ಎಂದು ಎಲ್ಲರೂ ಆಡಿಕೊಂಡರು. ಅವನು ನಕ್ಕು, ಕೋಣೆಯಲ್ಲಿ ತನ್ನ ಹೆಸರನ್ನೇ "ಗೂಟ" ಎಂದು ಇಟ್ಟುಕೊಂಡ.

ಆ ಪ್ರಾಕ್ಸಿಯ ಪ್ರೋಗ್ರಾಮನ್ನು ಸಿಸ್ಟಮ್ಮಿಗೆ ಒಗ್ಗಿಸಿ, ಎಲ್ಲರೂ ಇಳಿಸಿಕೊಳ್ಳುವಂತೆ ಪ್ಯಾಕೇಜ್ ಕಟ್ಟುತ್ತಿದ್ದವನೂ ಅವನೇ. ಒಂದು ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಳ್ಳುತ್ತ, ಒಳಗಿದ್ದ ಹೆಂಡತಿಗೆ ಕೇಳುವಂತೆ "ಬರ್ತೀನಿ" ಎಂದು ಕೂಗಿ ಹೊರಟವನು, ಬಸ್‌ಸ್ಟಾಪಿನಲ್ಲಿ ಎದೆ ಹಿಡಿದುಕೊಂಡು ಕುಸಿದ. ಅಷ್ಟೇ. ಪ್ಯಾಕೇಜಿನ ಕೆಲಸ ತಂಗಿಯ ಹೆಗಲಿಗೆ ಬಿತ್ತು. ಅವಳು ಒಂದು ಲೈಬ್ರರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು, ಹರಟೆಕೋಣೆಯವರ ಬಾಯಲ್ಲಿ "ಪೊಟ್ಟಣ".

ಪೆಟ್ಟಿಗೆಯನ್ನು ಯಾರೂ ಆಫ್ ಮಾಡಲಿಲ್ಲ. ಅದರ ಪಾಸ್‌ವರ್ಡ್ ಅಣ್ಣನ ಜೊತೆಗೇ ಹೋಗಿತ್ತು. ಒಳಗೆ ಹೊಕ್ಕು ಒಂದಕ್ಷರ ತಿದ್ದುವ ಹಾಗಿಲ್ಲ, ಪ್ಲಗ್ ಕೀಳಬಹುದು, ಅಷ್ಟೇ. ಹೆಸರು ಹಸಿರಾಗಿ ಉರಿಯುತ್ತಲೇ ಇತ್ತು. ಹಳಬರು ನೋಡಿಯೂ ನೋಡದಂತೆ ಇದ್ದರು. ಏನೂ ತಿಳಿಯದ ಹೊಸಬನೊಬ್ಬ, "ಈ ಗೂಟ ಅನ್ನೋರಿಗೆ ಎಷ್ಟು ಜಂಬ ಸಾರ್, ಬರೀ ಬರ್ತೀನಿ ಅಂತಾರೆ, ಬರೋದೇ ಇಲ್ಲ" ಎಂದು ದೂರಿದ.

ಅತ್ತಿಗೆ ದಿನಾ ಮಧ್ಯಾಹ್ನ ಆ ಪೆಟ್ಟಿಗೆಯ ಧೂಳು ಒರೆಸಿ, ಪರದೆಯ ಮುಂದೆ ಕೂತು ಗೂಟನಿಗೆ ಖಾಸಗಿಯಾಗಿ ಬರೆಯುತ್ತಿದ್ದಳು. ನಲ್ಲಿ ಸೋರ್ತಿದೆ ರೀ. ನಿಮ್ಮ ಕನ್ನಡಕ ಸಿಕ್ತು ರೀ, ಹಾಸಿಗೆ ಸಂದಿಲಿತ್ತು. ಅತ್ತಲಿಂದ ಅದೇ ಮಾತು, "ಬರ್ತೀನಿ, ಇರಿ."

"ಅದು ಮಷೀನು ಅತ್ತಿಗೆ" ಎಂದು ತಂಗಿ ಒಮ್ಮೆ ಅಂದಿದ್ದಳು.

"ನಂಗೊತ್ತಿಲ್ವೇನೇ? ನಾನೇನು ಕಿವೀಲಿ ಹೂ ಇಟ್ಕೊಂಡಿದ್ದೀನಾ? ಆದ್ರೂ ಬರ್ತೀನಿ ಅಂತಾರಲ್ಲ."

ಹೀಗಿರುವಾಗ ಆ ಪ್ರೋಗ್ರಾಮಿನಲ್ಲೊಂದು ತೂತು ಕಾಣಿಸಿತು. ಹಳೆಯ ಆವೃತ್ತಿ ಇಟ್ಟುಕೊಂಡವರ ಸರ್ವರಿಗೆ ಕಂಡವರು ನುಗ್ಗಿ, ಅವರ ಹೆಸರಿನಲ್ಲೇ ಮಾತಾಡಬಹುದಿತ್ತು. ಹೊಸ ಆವೃತ್ತಿ ಸಿದ್ಧವಾಗಿತ್ತು, ತಂಗಿ ಪ್ಯಾಕೇಜ್ ಕಟ್ಟಿ ಬಿಟ್ಟರೆ ಎಲ್ಲರ ಯಂತ್ರಗಳೂ ತಾವಾಗಿ ಬದಲಾಯಿಸಿಕೊಳ್ಳುತ್ತಿದ್ದವು. ಅಣ್ಣನ ಪೆಟ್ಟಿಗೆಯೂ. ಆದರೆ ಹೊಸದು ಏಳುವಾಗ ಒಮ್ಮೆ ಪಾಸ್‌ವರ್ಡ್ ಕೇಳುತ್ತದೆ, ಕೊಡದಿದ್ದರೆ ಕೋಣೆಗೆ ಹೋಗುವುದಿಲ್ಲ. ಕೊಡುವವರು ಯಾರು? ಅವಳು ಸಬೂಬು ಹೇಳುತ್ತ ಮುಂದೆ ಹಾಕಿದಳು. ಮೊದಲು ಪರೀಕ್ಷೆ ಬಾಕಿ ಎಂದಳು, ಆಮೇಲೆ ಪ್ರೋಗ್ರಾಮ್ ಆಡುವ ಮಾತುಗಳ ಕನ್ನಡದ ಅನುವಾದ ಬಾಕಿ ಎಂದಳು. ಅನುವಾದವನ್ನಾದರೂ ನೆಟ್ಟಗೆ ಮಾಡಿದಳೇ? ಕಣ್ಣೀರು ಒರೆಸಿಕೊಳ್ಳುತ್ತ, ಎದುರಿಗೆ ಕಂಡ ಪದಕ್ಕೊಂದು ಪದ ಕೂರಿಸಿ ಮುಗಿಸಿದಳು.

ಕೋಣೆಯ ಹಿರಿಯರಾದ ಮೇಷ್ಟ್ರು ಫೋನ್ ಮಾಡಿಯೇ ಬಿಟ್ಟರು. "ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡ್ತೀಯೇನಮ್ಮ? ನಿನ್ನ ಸಂಕಟ ಅರ್ಥ ಆಗುತ್ತೆ. ಆದ್ರೆ ನಾಳೆ ಯಾರೋ ಪೋಲಿ ನಿಮ್ಮಣ್ಣನ ಬಾಯಲ್ಲೇ ಏನೇನೋ ಆಡಿಸಿದ್ರೆ?"

ಮರುದಿನ ಬೆಳಿಗ್ಗೆ ತಂಗಿ ಪ್ಯಾಕೇಜನ್ನು ಹೊರಬಿಟ್ಟು, ಲೈಬ್ರರಿಗೆ ರಜೆ ಹಾಕಿ, ಸೀದಾ ಅತ್ತಿಗೆಯ ಮನೆಗೆ ಹೋದಳು.

ಎಲ್ಲವನ್ನೂ ಕೇಳಿಸಿಕೊಂಡು ಅತ್ತಿಗೆ, "ತಡೆಯೋಕಾಗಲ್ವಾ?" ಎಂದಳು.

"ಇಷ್ಟು ದಿನ ತಡೆದೆ."

ಅತ್ತಿಗೆ ಕೈ ಒರೆಸಿಕೊಂಡು ಪರದೆಯ ಮುಂದೆ ಕುರ್ಚಿ ಎಳೆದಳು. "ಹೋಗೋ ಹೊತ್ತಿಗೆ ಎದುರಿಗಾದ್ರೂ ಇರ್ತೀನಿ ಬಿಡು. ಆವತ್ತು ಇರಲಿಲ್ಲ."

ಇಬ್ಬರೂ ಕೂತರು. ಬೀರುವಿನ ಮೇಲಿನ ಪೆಟ್ಟಿಗೆ ಇದ್ದಕ್ಕಿದ್ದಂತೆ ಗುರ್ರೆಂದಿತು, ಸ್ವಲ್ಪ ಹೊತ್ತು ಏದುಸಿರು ಬಿಟ್ಟಿತು. ಪರದೆಯ ಮೇಲೆ ಒಂದು ಸಾಲು ಮೂಡಿತು. ಗೂಟ ಕೋಣೆ ಬಿಟ್ಟರು, ಕೊನೆಯ ಮಾತು: ಹೋಗ್ತೀನಿ.

ಅತ್ತಿಗೆ ದಡಕ್ಕನೆ ಎದ್ದಳು, ಕುರ್ಚಿ ಹಿಂದಕ್ಕೆ ಬಿತ್ತು. "ಅಯ್ಯೋ! ಇವರು ಹಾಗನ್ನಲ್ಲ ಕಣೇ! ಜಗಳ ಆಡ್ಕೊಂಡು ಹೋದಾಗ್ಲೂ ಬರ್ತೀನಿ ಅಂತಾನೇ ಹೋದೋರು. ಯಾರು ಹೇಳಿದ್ದು ಇದನ್ನ? ಯಾರಿದು?"

ತಂಗಿಗೆ ಥಟ್ಟನೆ ಹೊಳೆಯಿತು. ಹೊಸ ಪ್ಯಾಕೇಜ್ ಬಿಚ್ಚಿಕೊಳ್ಳುವಾಗ ಮೊದಲು ಮಾತುಗಳ ಕಡತ ಬದಲಾಗುತ್ತದೆ, ಆಮೇಲಷ್ಟೇ ಹಳೆಯ ಸರ್ವರ್ ನಿಲ್ಲುತ್ತದೆ. ನಿಲ್ಲುವ ಸರ್ವರ್ ಕೊನೆಯ ಮಾತನ್ನು ಹೊಸ ಕಡತದಿಂದಲೇ ಓದುತ್ತದೆ. ಆ ಕಡತ ಅವಳದ್ದು.

"ನಾನು ಅತ್ತಿಗೆ. ಅನುವಾದ ಮಾಡುವಾಗ... ಯೋಚನೆ ಮಾಡದೆ ಬರೆದುಬಿಟ್ಟೆ."

"ಬಿಡ್ತು ಅನ್ನು! ಬಿಡ್ತು ಅನ್ನೇ!"

"ಬಿಡ್ತು" ಎಂದಳು ತಂಗಿ. ಇನ್ನೊಮ್ಮೆ ಅಂದಳು. ಪರದೆಯ ಮೇಲಿನ ಸಾಲು ಹಾಗೇ ಇತ್ತು.

ಅತ್ತಿಗೆ ಬಿದ್ದ ಕುರ್ಚಿಯನ್ನು ಎತ್ತಿ ಕೂತು, ಗೂಟನಿಗೆ ಬರೆದಳು. ರೀ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದು ಕೋಣೆಯೇ ಉತ್ತರಿಸಿತು. ಅವಳು ಅದನ್ನು ಬೆರಳಿಟ್ಟುಕೊಂಡು ಓದಿದಳು.

"ಹಂಗಂದ್ರೆ ಹೆಸರು ಖಾಲಿನಾ?"

"ಹೂಂ. ಯಾರು ಬೇಕಾದ್ರೂ ಇಟ್ಕೋಬಹುದು."

"ಸರಿ. ನೀನು ಹೋಗು." ಹೋಗಿ ಬಾ ಎನ್ನಲಿಲ್ಲ. ತಂಗಿ ದಾರಿಯುದ್ದಕ್ಕೂ ತನ್ನ ಕೈಗೆ ಹಿಡಿಶಾಪ ಹಾಕಿಕೊಂಡಳು.

ಮರುದಿನ ಲೈಬ್ರರಿಯ ಹಿಂದಿನ ರೂಮಿನಲ್ಲಿ ತಂಗಿ ಹರಟೆಕೋಣೆ ತೆರೆದಳು. ಬಲಗಡೆಯ ಸಾಲಿನಲ್ಲಿ ಗೂಟ. ಹಸಿರು. ಹಳಬರೆಲ್ಲ ಟೈಪ್ ಮಾಡುವುದನ್ನೇ ನಿಲ್ಲಿಸಿದ್ದರು. ಹೊಸಬನೊಬ್ಬನೇ, "ಅಂತೂ ಬಂದ್ರಾ ಸಾರ್! ನನ್ನ ಪ್ರಿಂಟರು ಕೆಲಸ ಮಾಡ್ತಿಲ್ಲ" ಎಂದಿದ್ದ. ಗೂಟ ನಿಧಾನವಾಗಿ, ಒಂದೊಂದೇ ಅಕ್ಷರ ಹುಡುಕಿದವರಂತೆ ಬರೆದರು, "ನಂಗೆ ಗೊತ್ತಿಲ್ಲ ಕಣಪ್ಪ. ಕೂತಿರು, ಗೊತ್ತಿರೋರು ಯಾರಾದ್ರೂ ಹೇಳ್ತಾರೆ. ಊಟ ಆಯ್ತಾ ನಿಂದು?"

ಅವಳು ಅತ್ತಿಗೆಗೆ ಫೋನ್ ಹಚ್ಚಿದಳು. ಬಹಳ ಹೊತ್ತು ರಿಂಗಾಯಿತು.

"ಅತ್ತಿಗೆ, ಅದು..."

"ಈಗ ಬಿಡುವಿಲ್ಲ ಕಣೇ" ಎಂದಳು ಅತ್ತಿಗೆ. ಹಿಂದೆ ಕೀಲಿಮಣೆಯ ಟಕಟಕ. "ಇವರನ್ನ ಯಾರೋ ಏನೋ ಕೇಳ್ತಿದ್ದಾರೆ." ಫೋನ್ ಇಟ್ಟುಬಿಟ್ಟಳು.

ಅಷ್ಟರಲ್ಲಿ ಮೇಷ್ಟ್ರಿಂದ ಖಾಸಗಿ ಸಂದೇಶ ಬಂತು. "ಪೊಟ್ಟಣ, ತೂತು ಮುಚ್ಚಿದ್ದೀಯ ತಾನೆ? ಯಾರಮ್ಮ ಅದು?"

ಅವಳು ಉತ್ತರ ಬರೆದು ಅಳಿಸಿದಳು, ಮತ್ತೆ ಬರೆದಳು, ಮತ್ತೆ ಅಳಿಸಿದಳು. ಕೊನೆಗೆ, "ತೂತು ಮುಚ್ಚಿದೆ ಮೇಷ್ಟ್ರೇ. ಅದು ನಮ್ಮಣ್ಣ" ಎಂದು ಬರೆದು ಕಳಿಸಿದಳು.