ಏಳನೆಯ ಹೊಲಿಗೆ

ಚಿಕ್ಕಿ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಕಿಟಕಿಯ ಬೆಳಕಿಗೆ ಸೂಜಿ ಹಿಡಿದು ಪೋಣಿಸಿದಳು. ಮೇಜಿನ ಆಚೆ ಬದಿಯಲ್ಲಿ ಅಕ್ಕನೂ ಅದನ್ನೇ ಮಾಡುತ್ತಿದ್ದಳು.

ಅವರದು ರಫೂ ಅಂಗಡಿ. ಬಟ್ಟೆಯ ಒಳಮಡಿಕೆಯಿಂದಲೇ ಎಳೆ ಬಿಡಿಸಿಕೊಂಡು, ತೂತಿನ ಮೇಲೆ ಮತ್ತೆ ನೇಯ್ದು, ಹರಿದಿದ್ದೇ ಸುಳ್ಳು ಎನ್ನುವಂತೆ ಮಾಡುವ ಕೆಲಸ. ಹತ್ತನೇ ವಯಸ್ಸಿಗೆ ಶಾಲೆ ಬಿಟ್ಟ ಚಿಕ್ಕಿಗೆ ಅಕ್ಕನೇ ಕೈಹಿಡಿದು ಕಲಿಸಿದ್ದಳು. ಎರಡು ತಿಂಗಳಿಂದ ಚಿಕ್ಕಿಯ ಆ ಕೈ ನಡುಗುತ್ತಿತ್ತು. ಸೂಜಿ ಹಿಡಿದ ಸ್ವಲ್ಪ ಹೊತ್ತಿಗೇ ಎದೆ ಡವಡವ, ಅಂಗೈಯಲ್ಲಿ ಬೆವರು, ಏನೋ ಕೆಟ್ಟದ್ದು ಆಗಿಯೇ ಆಗುತ್ತದೆ ಎಂಬ ಬುಡವಿಲ್ಲದ ಭಯ. ಎರಡು ಕೋಟು ಕೆಟ್ಟಿದ್ದವು. ಮೂರನೆಯದೂ ಕೆಟ್ಟರೆ ಈ ಕೆಲಸ ಬಿಟ್ಟು ಗುಂಡಿ ಹಚ್ಚಲು ಕೂರಬೇಕೆಂದು ಅಕ್ಕ ಹೇಳಿಯಾಗಿತ್ತು. ಗುಂಡಿಯ ಡಬ್ಬಿಯನ್ನೂ ತಂದು ಮೇಜಿನ ಮೇಲೆ ಇಟ್ಟಿದ್ದಳು. ಮೂರನೆಯ ಕೋಟು, ಕಪ್ಪನೆಯದು, ಈಗ ಚಿಕ್ಕಿಯ ಮಡಿಲಲ್ಲಿತ್ತು.

ತೋರಿಸಿಕೊಳ್ಳಲು ಹೋದಾಗ ಕ್ಲಿನಿಕ್ಕಿನ ನರ್ಸಮ್ಮ ಅವಳಿಗೊಂದು ಕೆಲಸ ಕೊಟ್ಟಿದ್ದರು. ಭಯ ಬಂದಾಗ ಓಡಿಸಲು ಹೋಗಬೇಡ, ಹರಿದ ಬಟ್ಟೆ ನೋಡುವ ಹಾಗೆ ನೋಡು; ಎಲ್ಲಿ ಶುರುವಾಯಿತು, ಎಷ್ಟು ಅಗಲ, ಉಸಿರು ಹೇಗಿದೆ, ಒಂದು ವಾರ ನೋಡಿ ಬಾ ಎಂದಿದ್ದರು. ಕೇಳಿ ಅಕ್ಕ ನಕ್ಕಿದ್ದಳು.

“ಉಸಿರು ನೋಡೋಕೆ ಅಷ್ಟು ದೂರ ಹೋಗ್ಬೇಕಿತ್ತೇನೆ? ಮೂಗಿನ ಕೆಳಗೇ ಇತ್ತಲ್ಲ.”

ಮಾತಾಡಲು ನಾಚುವ ಚಿಕ್ಕಿಗೆ ನೋಡುವುದೆಂದರೆ ನೀರು ಕುಡಿದಷ್ಟು ಸುಲಭ. ಸೂಜಿ ಇಳಿಸಿದಳು. ಉಸಿರು ಹೇಗಿದೆ ಎಂದು ನೋಡಿದರೆ, ಉಸಿರೇ ಇರಲಿಲ್ಲ. ಒಂದು ಹೊಲಿಗೆ, ಎರಡು, ಐದು. ಆರನೆಯದಕ್ಕೆ ಎದೆ ಬಡಿದುಕೊಳ್ಳತೊಡಗಿತು. ಇದೇನಿದು ವಿಚಿತ್ರ? ಮತ್ತೊಮ್ಮೆ ನೋಡಿದಳು. ಮತ್ತೆ ಹಾಗೆಯೇ, ಸೂಜಿ ಬಟ್ಟೆಗೆ ತಾಗಿದೊಡನೆ ಗಂಟಲಿನ ಬಾಗಿಲು ಮುಚ್ಚಿಕೊಳ್ಳುತ್ತಿತ್ತು.

ಆಗ ನೆನಪಾಯಿತು, ಅಕ್ಕ ಹೇಳಿಕೊಟ್ಟ ಮೊದಲ ಪಾಠ. ಬಿಡಿಸಿದ ಎಳೆ ಕೂದಲಿಗಿಂತ ಹಗುರ, ಉಸಿರು ಬಿಟ್ಟರೆ ಹಾರಿಹೋಗುತ್ತದೆ, ಅದಕ್ಕೇ ಉಸಿರು ಬಿಗಿಹಿಡಿ.

ನಿಜಕ್ಕೂ ಹಾರುತ್ತದೆಯೇ? ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಚಿಕ್ಕಿ ಕಳ್ಳಬೆಕ್ಕಿನಂತೆ ಅಕ್ಕನ ಕಡೆ ನೋಡಿ, ಮೂಗಿನಿಂದ ಮೆಲ್ಲಗೆ ಉಸಿರು ಬಿಟ್ಟಳು. ಎಳೆ ಒಮ್ಮೆ ತಲೆಯಾಡಿಸಿತು, ಅಷ್ಟೆ. ಅಲ್ಲೇ ಇತ್ತು.

ಆಮೇಲೆ ಸೂಜಿ ಇಳಿಯುವಾಗ ಉಸಿರು ಒಳಗೆ, ದಾರ ಎಳೆಯುವಾಗ ಹೊರಗೆ. ಭಯ ಬರಲಿಲ್ಲವೆಂದಲ್ಲ. ಬಂತು. ಎಡಗಡೆ, ಕೊರಳೆಲುಬಿನ ಕೆಳಗೆ, ಹೆಬ್ಬೆರಳಿನಷ್ಟು ಅಗಲ. ಬೆಳೆಯುತ್ತದೋ ಕುಗ್ಗುತ್ತದೋ ನೋಡೋಣವೆಂದು ಕಾದಳು. ಬೆಳೆಯಲೂ ಇಲ್ಲ, ಹೋಗಲೂ ಇಲ್ಲ. ಕರೆಯದೆ ಬಂದ ನೆಂಟನಂತೆ ಮೂಲೆಯಲ್ಲಿ ಕೂತಿತ್ತು. ಕೈ ತನ್ನ ಪಾಡಿಗೆ ನೇಯುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಕೋಟು ಮುಗಿಯಿತು. ಅಕ್ಕ ಅದನ್ನು ಕಿಟಕಿಗೆ ಹಿಡಿದು ನೋಡಿದಳು, ಮೇಲೆ ಬೆರಳಾಡಿಸಿದಳು. ಬೆರಳು ಎಲ್ಲೂ ತಡೆಯಲಿಲ್ಲ.

“ಎಲ್ಲೇ ಹರಿದಿದ್ದು?”

ಚಿಕ್ಕಿ ತೋರಿಸಿದಳು. ಅಕ್ಕ ಭೇಷ್ ಎನ್ನಲಿಲ್ಲ; ಗುಂಡಿಯ ಡಬ್ಬಿಯನ್ನು ಎತ್ತಿ ಕಪಾಟಿನಲ್ಲಿಟ್ಟಳು. ಮತ್ತೆ ಬಂದು ಕೂತು, ತನ್ನ ಪಾಲಿನ ಶಾಲಿನ ಮೇಲೆ ಬಗ್ಗಿದಳು.

ಈಗ ಚಿಕ್ಕಿಗೆ ಕಾಣಿಸಿತು. ಬಿಗಿದ ತುಟಿ, ಉಬ್ಬಿದ ಕುತ್ತಿಗೆಯ ನರ, ಅಲುಗದ ಎದೆ. ದಿನಾ ಸಂಜೆ ಎದೆ ಒತ್ತಿಕೊಂಡು, ಕೇಳಿದರೆ ಗ್ಯಾಸು ಎನ್ನುತ್ತಿದ್ದವಳು ಇವಳೇ. ನಾಲ್ಕು ಹೊಲಿಗೆ, ಐದು, ಆರು.

“ಅಕ್ಕಾ, ಒಂದ್ಸಲ ಉಸಿರಾಡು.”

ಸೂಜಿ ಏಳನೆಯ ಸಲ ಬಟ್ಟೆಗೆ ಇಳಿಯಿತು; ಶಾಲಿನ ಎಳೆ ಒಮ್ಮೆ ತಲೆಯಾಡಿಸಿತು.