ಗೋಡೆ ನೋಡುವ ಗಂಡ

ಶಾಲಾ ಮೈದಾನದಲ್ಲಿ ಮಕ್ಕಳನ್ನು ಸಾಲು ನಿಲ್ಲಿಸಿಯೇ ನಿವೃತ್ತರಾದ ಡ್ರಿಲ್ ಟೀಚರ ಗಂಡ ಮಹಾ ಸಂಭಾವಿತ. ಕ್ಯಾನ್ಸರ್ ಬಂದು ಹೆಂಡತಿಯ ಎಡ ಮೊಲೆ ತೆಗೆದಂದಿನಿಂದ, ಅವರು ಬಟ್ಟೆ ಬದಲಿಸುವಾಗಲೆಲ್ಲ ಈತ ಗೋಡೆ ಕಡೆ ಮುಖ ತಿರುಗಿಸಿ ಕೂರುತ್ತಾನೆ. ಅವರಿಗೆ ನೋವಾಗಬಾರದಂತೆ. ಆ ಗೋಡೆಯ ಸುಣ್ಣ ಎಲ್ಲೆಲ್ಲಿ ಉದುರಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಿಯಾನು. ಹೆಂಡತಿಯ ಗಾಯ ಯಾವ ಕಡೆ ಎಂದರೆ ತಡಬಡಾಯಿಸುತ್ತಾನೆ. ಅತ್ತಿಗೆ ರವಿಕೆಯೊಳಗೆ ತುರುಕಿಕೊಳ್ಳಲು ಸ್ಪಂಜು ತಂದುಕೊಟ್ಟಳು. ಮಗಳು ನಿಲುವುಗನ್ನಡಿಯನ್ನು ಅಟ್ಟಕ್ಕೆ ಸಾಗಿಸಿದಳು. ಎಲ್ಲರಿಗೂ ಪ್ರೀತಿ ಉಕ್ಕಿ ಹರಿಯುತ್ತಿತ್ತು, ನೋಡುವ ಧೈರ್ಯ ಮಾತ್ರ ಒಬ್ಬರಿಗೂ ಇರಲಿಲ್ಲ.

ಟೀಚರಿಗೆ ಬೇಕಿದ್ದುದು ಇಷ್ಟೇ: ಯಾರಾದರೂ ತನ್ನನ್ನು ಇದ್ದ ಹಾಗೆ ನೋಡಬೇಕು. ಅದಕ್ಕೇ, ಬೆತ್ತಲೆ ಕೂರಲು ಮಾಡೆಲ್ ಬೇಕೆಂದು ಚಿತ್ರಕಲಾ ಶಾಲೆಯ ಬಾಗಿಲಲ್ಲಿ ಅಂಟಿಸಿದ್ದು ಕಂಡಾಗ ನೇರ ಒಳಗೆ ನಡೆದರು.

ಅಲ್ಲಿನ ಮೇಷ್ಟ್ರು ದೇಹದಲ್ಲಿ ನಾಚುವಂಥದ್ದೇನೂ ಇಲ್ಲ, ಕಂಡದ್ದನ್ನು ಕಂಡ ಹಾಗೇ ಬರೆಯಬೇಕು ಎಂದು ಉದ್ದುದ್ದ ಭಾಷಣ ಬಿಗಿದರು. ವಿದ್ಯಾರ್ಥಿಗಳು ತಲೆಯಾಡಿಸಿದರು. ಟೀಚರು ಬಟ್ಟೆ ಕಳಚಿ, ಸ್ಪಂಜನ್ನೂ ತೆಗೆದಿಟ್ಟು, ಸ್ಟೂಲಿನ ಮೇಲೆ ಬೆನ್ನು ನೇರ ಮಾಡಿ ಕೂತರು. ಮೇಷ್ಟ್ರಿಗೆ ಇದ್ದಕ್ಕಿದ್ದಂತೆ ಕಿಟಕಿಯಾಚೆ ಏನೋ ಕೆಲಸ ಕಾಣಿಸಿತು.

ಮುಗಿದ ಮೇಲೆ ಟೀಚರು ಶಾಲು ಸುತ್ತಿಕೊಂಡು ಒಂದೊಂದೇ ಹಾಳೆ ನೋಡುತ್ತ ಬಂದರು. ಎಲ್ಲರೂ ಎರಡೂ ಮೊಲೆ ಬರೆದಿದ್ದರು. ಒಬ್ಬ ಧಾರಾಳಿ ವಯಸ್ಸನ್ನೂ ಇಳಿಸಿ ಹೊಟ್ಟೆಯನ್ನೂ ಕರಗಿಸಿಬಿಟ್ಟಿದ್ದ. ಒಬ್ಬಳು ಎಡಗಡೆಗೆ ಅಡ್ಡವಾಗಿ ದಪ್ಪ ಜಡೆ ಇಳಿಬಿಟ್ಟಿದ್ದಳು. ಟೀಚರ ತಲೆಯಲ್ಲಿದ್ದದ್ದು ಬೆರಳುದ್ದದ ಕೂದಲು.

ನಿಮ್ಮ ಮನಸ್ಸಿಗೆ ನೋವಾಗಬಾರದು ಅಂತ ಮಕ್ಕಳು ಹೀಗೆ, ಎಂದು ಮೇಷ್ಟ್ರು ರಾಗ ಎಳೆದರು.

ಟೀಚರಿಗೆ ಅಳುವೇ ಬಂತು. ಬೆತ್ತಲಾದರೂ ತಪ್ಪಲಿಲ್ಲವಲ್ಲ ಈ ಮರ್ಯಾದೆ. ಆದರೆ ಮೈದಾನದಲ್ಲಿ ಪಳಗಿದ ಗಂಟಲು ಅಳಲು ಬಿಡಲಿಲ್ಲ. ಶಾಲು ಬಿಸಾಕಿ ಮತ್ತೆ ಸ್ಟೂಲ್ ಹತ್ತಿದರು.

"ಎಲ್ಲಾ ಅಳಿಸಿ. ತಲೆ ಎತ್ತಿ ಇಲ್ಲಿ ನೋಡಿ," ಎಂದರು. "ಮೇಷ್ಟ್ರೇ, ನೀವೂ."

ಡ್ರಿಲ್ ಟೀಚರ ಅಪ್ಪಣೆ ಮೀರುವುದುಂಟೇ? ನೋಡಿದರು. ಗಾಯದ ಗೆರೆ ಕಂಕುಳಿನವರೆಗೂ ಸರಿಯಾಗಿ ಬಂದದ್ದು ಜಡೆ ಬರೆದಿದ್ದವಳ ಹಾಳೆಯಲ್ಲೇ. ಹೊಟ್ಟೆಯ ಮಡಿಕೆಗಳನ್ನೂ ಬಿಟ್ಟಿರಲಿಲ್ಲ. ಟೀಚರು ಅದನ್ನು ಕಣ್ತುಂಬ ನೋಡಿಕೊಂಡರು. ಹೆದರಿದಷ್ಟೇನೂ ಇರಲಿಲ್ಲ. ಆ ಚಿತ್ರವನ್ನು ಕೇಳಿ ಪಡೆದು ಚೌಕಟ್ಟು ಹಾಕಿಸಿದರು.

ಮನೆಗೆ ತಂದ ಮರುದಿನ ಬೆಳಿಗ್ಗೆ ಟೀಚರು ಬಟ್ಟೆ ಬದಲಿಸಲು ನಿಂತರು. ಸಂಭಾವಿತ ಗಂಡ ಎಂದಿನಂತೆ ಗೋಡೆ ಕಡೆ ತಿರುಗಿದ. ಸುಣ್ಣ ಉದುರಿದ ಜಾಗದಲ್ಲೇ ಚಿತ್ರ ತೂಗುತ್ತಿತ್ತು. ಪಾಪ, ಓಡಿಹೋಗಲು ಇದ್ದದ್ದೇ ಆ ಒಂದು ಗೋಡೆ. ಬಹಳ ಹೊತ್ತು ಚಿತ್ರ ನೋಡಿದ. ಆಮೇಲೆ ಮೆಲ್ಲಗೆ ಈಚೆ ತಿರುಗಿ ಹೆಂಡತಿಯನ್ನು ನೋಡಿದ.

"ಎಡಗಡೇದಾ?" ಅಂದ.

ಟೀಚರು ರವಿಕೆಗೆ ಕೈ ಚಾಚಲು ಅವಸರ ಮಾಡಲಿಲ್ಲ.

"ಹೂಂ, ಎಡಗಡೇದು," ಎಂದರು. "ಸರಿಯಾಗಿ ನೋಡಿ."