ಒಂದು ಸಾಲು ಹೆಚ್ಚಿಗೆ

ಹೊಲಿಗೆ ಯಂತ್ರದ ಮೇಲೆ ಅಮ್ಮನ ಕಾಲು ತಟ್ಟನೆ ನಿಂತಿತು. ಮಗಳು ಶಾಲೆಯ ಡೈರಿಯನ್ನು ಕತ್ತರಿಯ ಪಕ್ಕ ಇಟ್ಟು, ತುಟಿಪಿಟಕ್ಕೆನ್ನದೆ ಬಟ್ಟೆ ಚೂರುಗಳ ರಾಶಿಯ ಮೇಲೆ ಕೂತಿದ್ದಳು. ಹೊಸಿಲು ದಾಟುವ ಮೊದಲೇ ಶಾಲೆಯ ಸುದ್ದಿಯನ್ನೆಲ್ಲ ಸುರಿಯುವ ಹುಡುಗಿ. ಜ್ವರವೇನಾದರೂ ಬಂತೇ ಎಂದು ಅಮ್ಮ ಹಣೆ ಮುಟ್ಟಿ ನೋಡಿದಳು. ಬಿಸಿಯಿರಲಿಲ್ಲ.

ಡೈರಿಯಲ್ಲಿ ಹೆಡ್‌ ಮೇಡಂ ಕೆಂಪು ಶಾಯಿಯಲ್ಲಿ ಬರೆದಿದ್ದರು: 'ಅಧಿಕಪ್ರಸಂಗಿ. ಪೋಷಕರು ಸಹಿ ಮಾಡಿ ಕಳುಹಿಸುವುದು.'

"ಏನೇ ಮಾಡ್ದೆ?"

"ಶಾಲೆ ತನಿಖೆಗೆ ಸಾಹೇಬ್ರು ಬಂದಿದ್ರು. ಹೆಸರು ಕೇಳಿದ್ರು, ಹೇಳ್ದೆ."

"ಅಷ್ಟೇನಾ?"

"ಹುಡುಗೀರ ಕಡೆ ನಲ್ಲೀಲಿ ಒಂದು ತಿಂಗಳಿಂದ ನೀರಿಲ್ಲ ಅಂತಾನೂ ಹೇಳ್ದೆ."

ನಗು ಬಂತೆಂದು ಅಮ್ಮ ತುಟಿಯಲ್ಲಿ ಗುಂಡುಪಿನ್ನೊಂದನ್ನು ಕಚ್ಚಿಕೊಂಡಳು.

"ಅಮ್ಮ, ಅಧಿಕಪ್ರಸಂಗಿ ಅನ್ನೋದು ಬೈಗಳಾ?"

"ಬೈಗಳೇ. ಆದ್ರೆ ಬಿಡಿಸಿ ನೋಡಿದ್ರೆ ಅಂಥಾದ್ದೇನಿಲ್ಲ ಕಣೇ. ಪ್ರಸಂಗ ಅಂದ್ರೆ ಅಲ್ಲಿ ನಡೀತಿರೋ ಮಾತು. ಅಧಿಕ ಅಂದ್ರೆ ಹೆಚ್ಚು. ಕೇಳಿದ್ದಕ್ಕಿಂತ ಹೆಚ್ಚು ಆಡಿದೋರಿಗೆ ಹಿಂದಿನೋರು ಯಾರೋ ಹಾಗಂದ್ರು. ಬರ್ತಾ ಬರ್ತಾ ಬೈಗಳಾಯ್ತು."

"ಹೆಚ್ಚಾಯ್ತು ಅಂತ ಅಳೆದಿದ್ದು ಯಾರು?"

ದಿನವಿಡೀ ಕೊರಳಲ್ಲಿ ಹಾಕಿಕೊಂಡಿರುವ ಅಳತೆಪಟ್ಟಿಯನ್ನು ಅಮ್ಮ ತೆಗೆದು ಪಕ್ಕಕ್ಕಿಟ್ಟಳು.

"ಅದಿರಲಿ, ನಲ್ಲಿ ಕಥೆ ಏನಾಯ್ತು?"

"ಮಧ್ಯಾಹ್ನಾನೇ ರಿಪೇರಿಯೋರು ಬಂದ್ರು. ಈಗ ನೀರು ಬರುತ್ತೆ." ಮಗಳು ತಲೆ ತಗ್ಗಿಸಿದಳು. "ನಾಳೆಯಿಂದ ಹೆಸರು ಕೇಳಿದ್ರೆ ಹೆಸರು ಮಾತ್ರ ಹೇಳೋದು. ಮನೇಲೂ ಅಷ್ಟೆ."

ಆ ಕೊನೆಯ ಮಾತು ಅಮ್ಮನಿಗೆ ಚುಚ್ಚಿತು. ಈ ಹರಟೆಯಿಲ್ಲದೆ ಸಂಜೆ ಕಳೆಯುವುದು ಹೇಗೆ? ಪೆನ್ನು ಹುಡುಕಿ ಸಹಿ ಹಾಕಿದಳು. ಒಂದು ಗಳಿಗೆ ತಡೆದು, ಅದರ ಕೆಳಗೆ ದುಂಡಗೆ ಬರೆದಳು: 'ನಲ್ಲಿ ಸರಿಯಾಗಿದ್ದು ತಿಳಿದು ಸಂತೋಷ. ಹುಡುಗರ ಕಡೆಯದನ್ನೂ ಒಮ್ಮೆ ನೋಡಿಸಿ.'

ಮಗಳು ಇಣುಕಿದಳು. "ಅಮ್ಮಾ, ಅವರು ಕೇಳಿದ್ದು ಸಹಿ ಮಾತ್ರ."

"ಹೌದಾ? ಬಾ ಇಲ್ಲಿ, ನೆಟ್ಟಗೆ ನಿಂತ್ಕೋ. ಲಂಗ ಗಿಡ್ಡ ಆಗಿದೆ."

ಮಕ್ಕಳ ಬಟ್ಟೆ ಹೊಲಿಯುವಾಗ ಅವಳು ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟು ಒಳಗೆ ಮಡಿಸುತ್ತಿದ್ದಳು. ಬೆಳೆಯುವ ಮಕ್ಕಳು, ಬೇಕಾಗುತ್ತದೆ. ನೆಲದ ಮೇಲೆ ಕೂತು ಒಂದೊಂದೇ ಹೊಲಿಗೆ ಬಿಚ್ಚತೊಡಗಿದಳು. ತಲೆಯ ಮೇಲೆ ಮಗಳ ಮಾತು ಮೆಲ್ಲಗೆ ಶುರುವಾಯಿತು: ಸಾಹೇಬರ ಮೀಸೆ, ಮೇಡಂ ಕೆಮ್ಮಿದ್ದು, ನಲ್ಲಿ ಬುಸ್ಸೆಂದು ಗಾಳಿ ಬಿಟ್ಟಿದ್ದು.

ಮಾಸಿದ ಲಂಗದ ಕೆಳಗೆ, ಬಿಸಿಲೇ ಕಾಣದ ಕಡುನೀಲಿ ಪಟ್ಟಿಯೊಂದು ಬಿಚ್ಚಿಕೊಳ್ಳುತ್ತ ಮಗಳ ಮೊಣಕಾಲಿನ ಮೇಲೆ ಇಳಿಯಿತು.